ಸಿಹಿನೆನಪಿನ ಕೊಳಗ

ಮುಖವನ್ನೇ ಕಾಣದ ಸ್ನೇಹಿತರು ನನಗೀಗ ಅರವತ್ತು ಮಂದಿ ಇದ್ದಾರೆ. ಎಪ್ಪತ್ತರ ಮಗ್ಗುಲಿಗೆ ಬಂದವನ ಸ್ನೇಹಿತರು ಒಬ್ಬೊಬ್ಬರಾಗಿ ಕಡಮೆಯಾಗುತ್ತ ಹೋಗುವುದು ಲೋಕರೂಢಿ. ನನಗಾದರೋ ಅಂಗೈಯಗಲದ ಫೋನಿನ ದೆಸೆಯಿಂದ ಅವರು ಹೆಚ್ಚುತ್ತಿದ್ದಾರೆ. ಎಲ್ಲರೂ ಸಾಗರದವರು, ಇಲ್ಲವೆ ಸಾಗರದ ಸೀಮೆಯವರು. ಒಬ್ಬರು ಮೈಸೂರಿನಲ್ಲಿದ್ದರೆ ಮತ್ತೊಬ್ಬರು ಪುಣೆಯಲ್ಲಿ. ಇನ್ನು ಕೆಲವರು ಮಗನ ಮನೆ, ಮಗಳ ಬಾಣಂತನ ಎಂದು ಅಮೆರಿಕದಲ್ಲಿ. ಯಾರೋ ಪುಣ್ಯಾತ್ಮರು ಇವರನ್ನೆಲ್ಲ ವಾಟ್ಸಾಪಿನ ಒಂದು ಗುಂಪಿನಲ್ಲಿ ಕೂಡಿಹಾಕಿದರು. ಅಂದಿನಿಂದ ನಮ್ಮೂರು ದಿನಕ್ಕೆ ನೂರು ಸಲ ನಮ್ಮ ಜೇಬಿನಲ್ಲಿ ಗುಂಯ್‌ಗುಡುತ್ತದೆ.

ಇದರಿಂದ ನನಗೆ ಸುಖವಾಗಿಲ್ಲವೆಂದರೆ ಸುಳ್ಳಾದೀತು. ಗಣಪತಿ ಕೆರೆಯ ಏರಿ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಗುಡಿಗಾರರ ಮನೆಯೆದುರು ಸುಳಿಯುತ್ತಿದ್ದ ಗಂಧದ ಪರಿಮಳ, ತಾಳಗುಪ್ಪಕ್ಕೆ ತೆವಳುತ್ತಿದ್ದ ಮೀಟರ್ ಗೇಜಿನ ರೈಲು, ಆರಿದ್ರೆಯ ಮಳೆಯಲ್ಲಿ ಬಚ್ಚಲ ಒಲೆಯ ಮುಂದೆ ಕುಳಿತು ತಿಂದ ಹಲಸಿನ ಕಡುಬು, ಅಜ್ಜಿಯ ಅಪ್ಪೆಮಿಡಿ — ಇವೆಲ್ಲ ಮರಳಿ ಬಂದುವು. ನನ್ನ ತಾಯಿಯ ಕೈಯ ತೊಡದೇವನ್ನು ತಿಂದಿದ್ದೆನೆಂದು ಎಂದೂ ಕಾಣದ ಒಬ್ಬ ಮಹಾರಾಯರು ಬರೆದ ದಿನ ನನ್ನ ಕಣ್ಣು ಒದ್ದೆಯಾಯಿತು. ಆದ್ದರಿಂದ ನಾನು ಈಗ ಹೇಳಹೊರಟಿರುವುದನ್ನು ಹೊರಗೆ ನಿಂತವನ ಕುಹಕವೆಂದು ಯಾರೂ ತಿಳಿಯಬಾರದು. ಒಳಗಿದ್ದು ಉಂಡವನೇ ಈ ಮಾತು ಹೇಳುತ್ತಿರುವುದು.

ಹೋದ ತಿಂಗಳು ಗುಂಪಿನವರೊಬ್ಬರು ಒಂದು ಚಿತ್ರ ಕಳಿಸಿದರು. ಬೆಂಗಳೂರಿನ ಅವರ ಮನೆಯ ನಡುಮನೆಯಲ್ಲಿ, ಗಾಜಿನ ಮೇಜಿನ ಮೇಲೆ, ಹಿತ್ತಾಳೆಯ ಪಟ್ಟಿ ಹೊಡೆದ ಒಂದು ಹಳೆಯ ಕೊಳಗ; ಅದನ್ನು ತಿಕ್ಕಿ ಬೆಳಗಿ, ಒಳಗೆ ಬಟ್ಟೆಯ ಹೂಗಳನ್ನಿಟ್ಟಿದ್ದರು. ಕೆಳಗೆ ಒಕ್ಕಣೆ: “ನಮ್ಮಜ್ಜನ ಕಾಲದ್ದು. ಸುಗ್ಗಿಯಲ್ಲಿ ಗಾಡಿಗಟ್ಟಲೆ ಭತ್ತ ಬರುತ್ತಿತ್ತು. ಎಂಥ ಸಮೃದ್ಧಿಯ ದಿನಗಳು!” ಅರ್ಧ ಗಂಟೆಯಲ್ಲಿ ನಲವತ್ತು ಮಂದಿ ಭೇಷ್ ಎಂದರು. ನಾನೂ ಎಂದೆ.

ಆಮೇಲೆ ಸಾಗರದಲ್ಲೇ ಇರುವ ನಿವೃತ್ತ ಉಪಾಧ್ಯಾಯಿನಿಯೊಬ್ಬರು ನಾಲ್ಕು ಸಾಲು ಬರೆದರು. “ಆ ಭತ್ತದ ಗಾಡಿಯಲ್ಲಿ ನಾನೂ ಬರುತ್ತಿದ್ದೆ. ನಮ್ಮಪ್ಪ ನಿಮ್ಮಂಥವರ ಮನೆಗೇ ಗೇಣಿ ಅಳೆಯುತ್ತಿದ್ದರು. ನಾವು ಅಂಗಳದಲ್ಲಿ ನಿಲ್ಲಬೇಕು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಒಡೆಯರು ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಎಂದು ನಮ್ಮಜ್ಜ ಹೇಳುತ್ತಿದ್ದರು. ಇದು ಯಾವುದೋ ಗೊತ್ತಿಲ್ಲ.”

ಬೈಗುಳವಿಲ್ಲ, ಆರೋಪವಿಲ್ಲ, ಚಿತ್ರ ನೋಡಿ ಆಕೆಗೆ ನೆನಪಾದದ್ದನ್ನು ಆಕೆ ಬರೆದರು, ನಮಗೆ ಕಡುಬು ನೆನಪಾದಂತೆಯೇ. ಆದರೆ ಗುಂಪಿನ ಯಜಮಾನರಿಂದ ಕೂಡಲೇ ಅಪ್ಪಣೆ ಬಂತು: “ಮೇಡಂ, ಇದು ಸಿಹಿನೆನಪುಗಳ ಗುಂಪು. ದಯವಿಟ್ಟು ಇಲ್ಲಿ ರಾಜಕೀಯ ಬೇಡ.” ಅದರ ಕೆಳಗೆ ಕೈಮುಗಿದ ಚಿಹ್ನೆಗಳು ಸಾಲಾಗಿ ಬಿದ್ದುವು. ಅವುಗಳಲ್ಲಿ ನನ್ನದೂ ಒಂದು. ಜಗಳ ಬೆಳೆಯದಿದ್ದರೆ ಸಾಕೆಂದುಕೊಂಡೆ. ಆ ರಾತ್ರಿ ಉಪಾಧ್ಯಾಯಿನಿ ಗುಂಪನ್ನು ಬಿಟ್ಟರು. ಮರುದಿನ ಬೆಳಗ್ಗೆ ಎಂದಿನಂತೆ ಶುಭೋದಯ, ಮತ್ತೆ ಅಪ್ಪೆಮಿಡಿ.

ಕೊಳಗದ ವಿಷಯ ರಾಜಕೀಯವೆಂದು ನಮಗೆ ತೋರಿದ್ದರಲ್ಲಿ ಒಂದು ಸತ್ಯವುಂಟು. ಸಾಗರದ ಪೇಟೆಗೆ ಸಮೀಪದಲ್ಲೇ ಕಾಗೋಡು ಎಂಬ ಹಳ್ಳಿಯಿದೆ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅವರಲ್ಲಿ ಹೆಚ್ಚಿನವರು ದೀವರು. ಆ ವಿವಾದದ ಬೇರಿಗೆ ಹೋದರೆ ಸಿಕ್ಕುವುದು ಈ ಕೊಳಗವೇ: ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದಿರಬೇಕು ಎಂಬ ಪ್ರಶ್ನೆ. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿಬಂದರು. ಅಲ್ಲಿ ಎದ್ದ ಪ್ರಶ್ನೆಗೆ ಶಾಸನದ ಉತ್ತರ ದೊರೆತದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚಿ 1ರಿಂದ ಗೇಣಿಪದ್ಧತಿ ರದ್ದಾಯಿತು, ಉಳುವವನು ಹೊಲದೊಡೆಯನಾದನು. ಊರಿನ ಕೀರ್ತಿ ಹೇಳುವಾಗ ಇಕ್ಕೇರಿಯ ದೇವಾಲಯ, ಹೆಗ್ಗೋಡಿನ ನೀನಾಸಮ್, ಜೋಗದ ಜಲಪಾತ ಎಲ್ಲವನ್ನೂ ಎಣಿಸುವ ನಮ್ಮ ಗುಂಪಿನಲ್ಲಿ, ಎರಡು ವರ್ಷಗಳ ಸಾವಿರಾರು ಸಂದೇಶಗಳ ನಡುವೆ, ಕಾಗೋಡಿನ ಹೆಸರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಕಂಡದ್ದು ಬೇರೆ ಮಾತು. “ಡಿಕ್ಲರೇಷನ್ ಬಂದು ನಮ್ಮ ಜಮೀನು ಹೋಯಿತು” ಎಂದು ಮಾತ್ರ ಹತ್ತಾರು ಸಲ ಕಂಡಿದ್ದೇನೆ. ಅದೂ ಸುಳ್ಳಲ್ಲ. ಹತ್ತಿಪ್ಪತ್ತು ಮೂಟೆ ಗೇಣಿಯ ಮೇಲೆಯೇ ಒಲೆ ಉರಿಸುತ್ತಿದ್ದ ಬಡ ಗುಮಾಸ್ತರು, ಗಂಡನಿಲ್ಲದ ಹೆಂಗಸರು ಆ ಕಾನೂನಿನಿಂದ ನಿಜವಾಗಿಯೂ ಕಷ್ಟಕ್ಕೆ ಸಿಕ್ಕಿದರು. ಅಂಥ ಮನೆಗಳನ್ನು ನಾನು ಬಲ್ಲೆ. ಅವರ ದುಃಖವನ್ನು ಬರೆಯಬೇಡಿರೆಂದು ನಾನು ಹೇಳೆನು. ಆದರೆ ಜಮೀನು ಹೋದವರ ದುಃಖ ನೆನಪೆನಿಸುತ್ತದೆ, ಜಮೀನು ಬಂದವರ ನಿಟ್ಟುಸಿರು ರಾಜಕೀಯವೆನಿಸುತ್ತದೆ — ಇದು ಯಾವ ಕೊಳಗದ ಅಳತೆ? ಅಜ್ಜ ಎರಡು ಕೊಳಗ ಇಟ್ಟಿದ್ದನೋ ಇಲ್ಲವೋ, ಮೊಮ್ಮಕ್ಕಳಾದ ನಾವು ಇಟ್ಟುಕೊಂಡಿರುವುದಂತೂ ನಿಶ್ಚಯ.

ಒಡೆಯ-ಒಕ್ಕಲುಗಳ ಮಾತು ಹಾಗಿರಲಿ; ನಮ್ಮ ಮನೆಯೊಳಗಿನವರ ನೆನಪಿಗಾದರೂ ನಾವು ನ್ಯಾಯ ಮಾಡಿದ್ದೇವೆಯೆ? ನನ್ನ ಸೋದರತ್ತೆಯ ಹಲಸಿನ ಹಪ್ಪಳದ ಬಗ್ಗೆ ನಾನೇ ಈ ಗುಂಪಿನಲ್ಲಿ ಬರೆದು ಮೆಚ್ಚುಗೆ ಪಡೆದಿದ್ದೇನೆ. ಅತ್ತೆಗೆ ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂದಿನಿಂದ ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು ಐವತ್ತು ವರ್ಷ ನಮ್ಮ ಮನೆಯ ಒಲೆಯ ಮುಂದೆ ಬೆಂದಳು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾನೂನು ಮಾಡಿತ್ತು. ಆ ಸುದ್ದಿಯನ್ನು ಅತ್ತೆಯ ಕಿವಿಗೆ ನಮ್ಮ ಮನೆಯ ಯಾವ ಗಂಡಸೂ ಹಾಕಿದಂತಿಲ್ಲ. ಹಪ್ಪಳದ ರುಚಿ ಬರೆದೆ, ಕೆಂಪು ಸೀರೆಯನ್ನು ಬಿಟ್ಟೆ. ಬಿಟ್ಟದ್ದು ಮರೆವಿನಿಂದಲ್ಲ, ಬರೆದರೆ ಹಪ್ಪಳ ಕಹಿಯಾದೀತೆಂಬ ಭಯದಿಂದ.

ಹಿತ್ತಿಲ ಮಾತೂ ಹೀಗೆಯೇ. ಹಿತ್ತಿಲ ಮಾವು, ಹಿತ್ತಿಲ ಬಾವಿ, ಹಿತ್ತಿಲ ಮಲ್ಲಿಗೆ ಎಲ್ಲ ಬರುತ್ತವೆ. ಹಿತ್ತಿಲಿನಾಚೆಯ ಓಣಿಯಲ್ಲಿ ಬೆಳಗಿನ ಜಾವ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದವಳು ಬರುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಹಟ ತೊಡಬೇಕಾಯಿತು. ಆಮೇಲೆ 1993ರಲ್ಲಿ ಒಂದು ಕಾನೂನು, ಅದು ಸಾಲದೆ 2013ರಲ್ಲಿ ಇನ್ನೊಂದು ಬೇಕಾಯಿತು. ನಾವು ನಿತ್ಯ ಕಂಡವಳನ್ನು ನಮ್ಮ ನೆನಪು ಕಾಣದೆ ಹೋದದ್ದು ಹೇಗೆ?

“ವಯಸ್ಸಾದವರು ನಾಲ್ಕು ಗಳಿಗೆ ಸಂತೋಷಪಟ್ಟರೆ ನಿಮ್ಮ ಗಂಟೇನು ಹೋಯಿತು?” ಎಂದು ಗುಂಪಿನ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಪ್ರಶ್ನೆ ಸರಿಯಾದದ್ದೇ. ನಾಲ್ಕು ಗಳಿಗೆಯ ಸಂತೋಷ ನಮ್ಮೊಳಗೇ ಮುಗಿಯುವಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ನಾವು ಬರೆದದ್ದನ್ನು ನಮ್ಮ ಮಕ್ಕಳು ಓದುತ್ತಾರೆ, ಮೊಮ್ಮಕ್ಕಳಿಗೆ ಓದಿಹೇಳುತ್ತಾರೆ. ಸಾಗರವನ್ನು ಕಣ್ಣಿನಿಂದ ಕಾಣದ ಆ ಮಕ್ಕಳಿಗೆ ಅದೇ ಚರಿತ್ರೆ. ಮೊನ್ನೆ ನನ್ನ ಮೊಮ್ಮಗಳು, “ಅಜ್ಜ, ನಮ್ಮ ಜಮೀನನ್ನು ಸರಕಾರ ಕಿತ್ತುಕೊಂಡಿತಂತೆ, ಯಾಕೆ?” ಎಂದು ಕೇಳಿದಳು. ಉತ್ತರ ಹೇಳಬೇಕಾದರೆ ಅಂಗಳದಿಂದ ಮೊದಲು ಮಾಡಬೇಕಾಯಿತು. ಅಂಗಳದ ಸುದ್ದಿಯನ್ನೇ ನಾವು ಅಳಿಸಿದರೆ ಆ ಮಗು ಕೊನೆಗೆ ನಂಬುವುದೇನು? ತನ್ನ ಹಿರಿಯರು ದೇವತೆಗಳು, ಅವರನ್ನು ಯಾರೋ ದುಷ್ಟರು ದೋಚಿದರು ಎಂದು. ಅಂಥ ನಂಬಿಕೆ ಹೊತ್ತ ಮಗು ನಾಳೆ ಇನ್ನೊಬ್ಬರ ಮಗುವಿನೊಡನೆ ಹೇಗೆ ಬಾಳೀತು?

“ಹಾಗಾದರೆ ನಮ್ಮ ಅಜ್ಜಂದಿರನ್ನು ಕಟಕಟೆಯಲ್ಲಿ ನಿಲ್ಲಿಸಬೇಕೋ?” ಎಂದರು ಅದೇ ಹಿರಿಯರು. ಬೇಡ. ನನ್ನ ಅಜ್ಜನನ್ನು ನಾನು ಈಗಲೂ ಪ್ರೀತಿಸುತ್ತೇನೆ. ಆತ ನನಗೆ ಈಜು ಕಲಿಸಿದ, ಕುಮಾರವ್ಯಾಸನನ್ನು ಓದಿಸಿದ. ಆತನೇ ಬೊಗಸೆಗೆ ಮೇಲಿನಿಂದ ನೀರು ಹೊಯ್ದದ್ದನ್ನೂ ನಾನು ನೋಡಿದ್ದೇನೆ. ಎರಡನ್ನೂ ಒಟ್ಟಿಗೆ ಹೇಳಿದರೆ ಆತ ನನ್ನ ಅಜ್ಜನಾಗಿ ಉಳಿಯುತ್ತಾನೆ. ಒಂದನ್ನೇ ಹೇಳಿದರೆ ಗೋಡೆಯ ಮೇಲಿನ ಪಟವಾಗುತ್ತಾನೆ.

ಈಗ ನಮ್ಮ ಗುಂಪಿನವರು ಎಲ್ಲರೂ ಮುಖತಃ ಸೇರುವುದೆಂದು ನಿಶ್ಚಯಿಸಿದ್ದಾರೆ. ಒಳ್ಳೆಯ ಯೋಚನೆ. ಆದರೆ ಎಲ್ಲಿ ಸೇರುವುದು? ಬೆಂಗಳೂರಿನ ಹೊರಗಿನ ಒಂದು ರೆಸಾರ್ಟಿನಲ್ಲಿ! ತಲೆಗೆ ಐದು ಸಾವಿರ ರೂಪಾಯಿ. ಅಲ್ಲಿ ಮಲೆನಾಡಿನ ಊಟ, ಅಂತ್ಯಾಕ್ಷರಿ, ಸಂಜೆಗೆ ಬೆಂಕಿ ಕಾಯಿಸುವುದು. ಆ ರೆಸಾರ್ಟಿನವರು ಒಂದು ತೊಟ್ಟಿಮನೆ ಕಟ್ಟಿಸಿದ್ದಾರೆ. ಅದರ ಕಂಬಗಳು ಮಲೆನಾಡಿನ ಹಳೆಯ ಮನೆಯೊಂದನ್ನು ಕೆಡವಿ ತಂದವಂತೆ. ಊರು ಬಿಟ್ಟ ನಾವು, ಊರು ಬಿಟ್ಟ ಕಂಬಗಳಿಗೆ ಒರಗಿ, ಊರನ್ನು ನೆನೆಯತಕ್ಕದ್ದು. ಸಾಗರಕ್ಕೇ ಹೋಗೋಣವೆಂದು ನಾನು ಸೂಚಿಸಿದಾಗ, “ಅಲ್ಲಿ ಈಗ ಏನಿದೆ?” ಎಂದರು. ಅಲ್ಲಿ ಜನರಿದ್ದಾರೆ! ನಾವು ಬಿಟ್ಟುಬಂದ ಊರಿನಲ್ಲಿ ಬಿಡದೆ ಉಳಿದವರಿದ್ದಾರೆ. ಲಿಂಗನಮಕ್ಕಿಯ ನೀರು 1964ರಲ್ಲಿ ಮನೆ ತೋಟಗಳನ್ನು ನುಂಗಿದ ಮೇಲೆ, ಹಕ್ಕುಪತ್ರಕ್ಕಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಚೇರಿಯಿಂದ ಕಚೇರಿಗೆ ಅಲೆದ ಮನೆತನಗಳಿವೆ. ನಾವು ಆ ನೀರಿನಿಂದ ಬಂದ ದೀಪದಲ್ಲಿ ಓದಿ ಬೆಂಗಳೂರು ಸೇರಿದವರು. ಅವರ ಎದುರು ಕುಳಿತು ನಮ್ಮ ನೆನಪು ಹೇಳಲು ನಮಗೆ ಅಳುಕೆಂದು ತೋರುತ್ತದೆ. ರೆಸಾರ್ಟಿನ ಕಂಬಗಳಾದರೆ ಎದುರುತ್ತರ ಕೊಡುವುದಿಲ್ಲ.

ಆದ್ದರಿಂದ ನನ್ನ ಸ್ನೇಹಿತರಲ್ಲಿ ನನ್ನ ಅರಿಕೆ ಇಷ್ಟೆ. ಸಭೆ ಸಾಗರದಲ್ಲೇ ನಡೆಯಲಿ. ರೆಸಾರ್ಟಿಗೆ ಕೊಡುವ ಹಣದಲ್ಲಿ ಒಂದು ಛತ್ರವನ್ನು ಹಿಡಿದು, ಊರಿನಲ್ಲಿರುವವರನ್ನೂ ಕರೆದು, ಒಂದೇ ಪಂಕ್ತಿಯಲ್ಲಿ ಊಟ ಮಾಡೋಣ. ಕಡುಬೂ ಇರಲಿ, ಅಂತ್ಯಾಕ್ಷರಿಯೂ ಇರಲಿ. ಅಂಗಳದಲ್ಲಿ ನಿಂತಿದ್ದವರು ಒಳಗೆ ಕುಳಿತು ಹೇಳುವುದನ್ನು ನಡುವೆ ಬಾಯಿಹಾಕದೆ ಒಂದು ಗಂಟೆ ಕೇಳೋಣ. ಕೊಳಗದ ಯಜಮಾನರು ಆ ಕೊಳಗವನ್ನೂ ತರಲಿ. ಅದರೊಳಗಿನ ಬಟ್ಟೆಯ ಹೂ ತೆಗೆದು, ಎಷ್ಟು ಸೇರು ಹಿಡಿಯುತ್ತದೆಂದು ಎಲ್ಲರೆದುರು ಅಳೆದು ನೋಡೋಣ. ಸರಿಯಾದ ಅಳತೆಯದಾದರೆ ಅವರ ಅಜ್ಜನ ಹೆಸರು ಊರೆದುರು ಉಳಿಯಿತು. ಅಲ್ಲವಾದರೆ ಒಂದು ನಿಜ ಗೊತ್ತಾಯಿತು.

ಉಪಾಧ್ಯಾಯಿನಿಯವರಿಗೆ ಹೋದ ವಾರ ನಾನೇ ಫೋನು ಮಾಡಿದೆ. ಅಂದು ಕೈಮುಗಿದವರಲ್ಲಿ ನಾನೂ ಒಬ್ಬನೆಂದು ಹೇಳಿ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಬಿಡಿ ಸಾರ್. ಊರಿಗೆ ಬಂದರೆ ಮನೆಗೆ ಬನ್ನಿ. ನಮ್ಮಲ್ಲಿ ಅಂಗಳದಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ” ಎಂದರು. ಆ ಮಾತಿನಲ್ಲಿ ಚುಚ್ಚಿತ್ತೋ ಪ್ರೀತಿಯಿತ್ತೋ ನಾನು ಇನ್ನೂ ಯೋಚಿಸುತ್ತಿದ್ದೇನೆ; ಎರಡೂ ಇದ್ದಿರಬಹುದು, ಎರಡೂ ನನಗೆ ಸಲ್ಲತಕ್ಕವೇ.

ರೆಸಾರ್ಟಿನ ಸಭೆಗೆ ನಾನು ಬರುವುದಿಲ್ಲ. ಆ ದಿನ ತಾಳಗುಪ್ಪದ ರಾತ್ರಿ ರೈಲು ಹತ್ತಿ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯುತ್ತೇನೆ. ಉಪಾಧ್ಯಾಯಿನಿಯವರ ಮನೆಗೆ ಹೋಗಿ ಬಂದು, ಅಲ್ಲಿಂದ ಕಾಗೋಡಿಗೆ ಹೋಗುವುದೆಂದಿದ್ದೇನೆ. ಅರವತ್ತು ಮಂದಿಯಲ್ಲಿ ಆರು ಮಂದಿ ಜೊತೆಗೆ ಬಂದರೂ ಅದನ್ನು ನಮ್ಮೂರಿನವರ ಸಭೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.