ದಾಳಕ್ಕೆ ಅಧೀನವಾದ ಮಂತ್ರ

ಮಂತ್ರತಂತ್ರಗಳ ಆಟವು ಮಕ್ಕಳಲ್ಲಿ ಮೂಢನಂಬಿಕೆಯನ್ನು ಬೆಳೆಸುವುದೆಂದು ಕೆಲವು ಹಿರಿಯರು ಶಂಕಿಸುವರು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬವರು ರಚಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಪರಿಶೀಲಿಸಿದರೆ ಈ ಶಂಕೆ ನಿರಾಧಾರವೆಂದು ತೋರುವುದು.

ಅದರ ಪ್ರಸಿದ್ಧ ಅಸ್ತ್ರವಾದ ‘ಫೈರ್‌ಬಾಲ್’ ಎಂಬ ಅಗ್ನಿಗೋಲವನ್ನೇ ನೋಡೋಣ. 2014ರ ನಿಯಮಾವಳಿಯಂತೆ ಅದು 20 ಅಡಿ ತ್ರಿಜ್ಯದಲ್ಲಿ ಸಿಡಿಯುವುದು. ಆಗ ಮಂತ್ರ ಪ್ರಯೋಗಿಸಿದವನು ಆರು ಮುಖದ ಎಂಟು ದಾಳಗಳನ್ನು ಉರುಳಿಸಬೇಕು. ಬಿದ್ದ ಮೊತ್ತವೇ ಹಾನಿಯ ಪ್ರಮಾಣ. ಅದು 8ರಿಂದ 48ರವರೆಗೆ ಇರಬಹುದು, ಸರಾಸರಿ 28. ಎಂಟರಲ್ಲಿಯೂ ಆರೇ ಬೀಳುವ ಸಂಭವ 16,79,616ರಲ್ಲಿ ಒಂದು ಮಾತ್ರ. ಎದುರಾಳಿಯ ಪರವಾಗಿಯೂ ಇಪ್ಪತ್ತು ಮುಖದ ದಾಳವೊಂದು ಉರುಳುವುದು; ನಿಗದಿತ ಸಂಖ್ಯೆಯನ್ನು ಮುಟ್ಟಿದರೆ ಹಾನಿ ಅರ್ಧವಾಗುವುದು. ಹಾಗೆ ಮುಟ್ಟುವ ಸಂಭವ ನೂರಕ್ಕೆ 40 ಇದ್ದರೆ, ಸರಾಸರಿ ಹಾನಿ 28ರಿಂದ ಸುಮಾರು 22ಕ್ಕೆ ಇಳಿಯುವುದು.

ಮೂಢನಂಬಿಕೆಯ ಮಂತ್ರಕ್ಕೆ ಮಿತಿಯಿಲ್ಲ. ಫಲಿಸದಿದ್ದರೆ ನೆಪಗಳಿಗೆ ಕೊರತೆಯಿಲ್ಲ. ಈ ಮಂತ್ರಕ್ಕಾದರೋ ವ್ಯಾಪ್ತಿಯೂ ಸೋಲಿನ ಸಂಭವವೂ ಮೊದಲೇ ಲೆಕ್ಕಕ್ಕೆ ಸಿಕ್ಕುವುವು. ಮಳೆಯ ಮುನ್ಸೂಚನೆಯನ್ನೂ ಔಷಧದ ಗುಣವನ್ನೂ ಅಳೆಯುವುದು ಇದೇ ಗಣಿತದಿಂದ. ಹಿರಿಯರು ದಾಳವನ್ನು ಕಸಿದುಕೊಳ್ಳುವ ಬದಲು ಮಕ್ಕಳಿಂದ ಅದರ ಲೆಕ್ಕವನ್ನು ಕೇಳಲಿ.