ಚೆನ್ನಾಗಿ ಪಾತ್ರ ಮಾಡಿದವರಿಗೆ ಬಹುಮಾನ ಬೇಕಾ?

ನಿಮ್ಮ ಮನೆಯಲ್ಲೂ ಇದೇ ಕತೆ ಇರಬಹುದು. ರಜಾ ಬಂತೆಂದರೆ ಮಗರಾಯ ಕಂಪ್ಯೂಟರ್ ಮುಂದೆ, ನಾವು 'ಊಟಕ್ಕೆ ಬಾರೋ' ಅಂತ ಕೂಗುತ್ತಾ ಅಡುಗೆಮನೆಯಲ್ಲಿ. ನಾನೂ ಗೊಣಗಿದವಳೇ. ಆದರೆ ಹೋದ ಬೇಸಿಗೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದ ನನ್ನ ಮಗ ತಾನಾಗಿಯೇ ಕಂಪ್ಯೂಟರ್ ಆಫ್ ಮಾಡಿ, 'ಅಮ್ಮಾ, ಇನ್ಮೇಲೆ ನಾನು ಆಡಲ್ಲ' ಅಂದಾಗ ಖುಷಿಯಾಗುವ ಬದಲು ಗಾಬರಿಯಾಯಿತು.

ಅವನು ಆಡುತ್ತಿದ್ದದ್ದು ಮೈನ್‌ಕ್ರಾಫ್ಟ್. ನಮ್ಮ ಅಪಾರ್ಟ್‌ಮೆಂಟಿನ ಹತ್ತು ಹನ್ನೆರಡು ಮಕ್ಕಳು ಸೇರಿ ಅದರಲ್ಲೊಂದು ಊರು ಕಟ್ಟಿದ್ದರು. ಒಬ್ಬ ಗೌಡ, ಒಬ್ಬಳು ವೈದ್ಯೆ, ಇಬ್ಬರು ಕಳ್ಳರು. ನನ್ನ ಮಗ ಬೇಕರಿಯವನು. ಆ ಆಟದಲ್ಲಿ ಮೂರು ಗೋಧಿ ತೆನೆ ಸೇರಿದರೆ ಒಂದು ಬ್ರೆಡ್. ಇವನು ಹೊಲ ಉತ್ತು, ಬ್ರೆಡ್ ಮಾಡಿ, ಬಂದವರನ್ನೆಲ್ಲ ಮಾತಾಡಿಸಿ ಮಾರುತ್ತಿದ್ದ. ಕಳ್ಳ ಬಂದರೆ ಕತ್ತಿ ಹಿಡಿಯದೆ 'ಗೌಡ್ರೇ, ಕಾಪಾಡಿ' ಅಂತ ಕೂಗುತ್ತಿದ್ದ. ಬೇಕರಿಯವನು ಕತ್ತಿ ಎಲ್ಲಿಂದ ತರ್ತಾನೆ, ಅಲ್ವಾ? ಇದಕ್ಕೇ ರೋಲ್ ಪ್ಲೇ ಅನ್ನೋದು. ಗೆಲ್ಲೋದಲ್ಲ, ಪಾತ್ರವಾಗಿ ಬದುಕೋದು.

ಊರನ್ನು ನೋಡಿಕೊಳ್ಳುತ್ತಿದ್ದ ಕಾಲೇಜು ಹುಡುಗ ಒಳ್ಳೆಯ ಮನಸ್ಸಿನಿಂದಲೇ ಒಂದು ನಿಯಮ ತಂದ. ದಿನಾ ಚೆನ್ನಾಗಿ ಪಾತ್ರ ಮಾಡಿದವರಿಗೆ ಐದು ವಜ್ರ! ಅಲ್ಲಿಂದ ಶುರುವಾಯ್ತು ನೋಡಿ. ಆ ಅಣ್ಣ ಕಂಡ ತಕ್ಷಣ ಎಲ್ಲರಿಗೂ ಆವೇಶ. ಅಳೋರು, ಕಿರುಚೋರು, ಉದ್ದುದ್ದ ಡೈಲಾಗ್ ಹೊಡೆಯೋರು. ಸದ್ದಿಲ್ಲದೆ ಬ್ರೆಡ್ ಮಾಡುವವನನ್ನು ಕೇಳೋರಿಲ್ಲ. 'ಅವರು ನನ್ನ ಹತ್ರ ಮಾತಾಡ್ತಿಲ್ಲಮ್ಮ, ಅಣ್ಣನಿಗೆ ಕೇಳ್ಲಿ ಅಂತ ಮಾತಾಡ್ತಾರೆ' ಅಂದ ಮಗ. ನಮ್ಮೂರ ನಾಟಕದಲ್ಲಿ ಯಾರೋ ಬಂದು ಅಂಗಿಗೆ ನೋಟು ಸಿಕ್ಕಿಸಿದ ಕೂಡಲೇ ದುರ್ಯೋಧನ ಭೀಮನನ್ನು ಬಿಟ್ಟು ಜನರತ್ತ ತಿರುಗುತ್ತಿದ್ದದ್ದು ನೆನಪಾಯಿತು.

ಇದು ಬರೀ ಆಟದ ಮಾತಲ್ಲ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯೋದೆಂದರೆ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ 'ಬರೆದರೆ ಚಿನ್ನದ ನಕ್ಷತ್ರದ ಸರ್ಟಿಫಿಕೇಟು' ಅಂತ ಮೊದಲೇ ಆಸೆ ತೋರಿಸಿದರು. ಕೆಲವರಿಗೆ ಬರೆದ ಮೇಲೆ ಅನಿರೀಕ್ಷಿತವಾಗಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ನೋಡಿದರೆ, ಆಸೆ ತೋರಿಸಿದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಅನಿರೀಕ್ಷಿತವಾಗಿ ಪಡೆದವರ ಉತ್ಸಾಹ ಕುಗ್ಗಿರಲಿಲ್ಲ.

ಹಾಗಂತ ಬಹುಮಾನವೇ ಬೇಡ ಅಂತೀರಾ? ನಾನು ಹಾಗೆ ಹೇಳಲಾರೆ. ಮೆಚ್ಚುಗೆಯೇ ಸಿಗದಿದ್ದರೆ ದೊಡ್ಡವರಾದ ನಮಗೇ ಬೇಜಾರು. ಇನ್ನು ಮಕ್ಕಳ ಪಾಡೇನು? 1974ರಲ್ಲಿ ಹುಟ್ಟಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರದಾಟಕ್ಕೆ 2014ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ, ಪಾತ್ರದ ಗುಣಕ್ಕೆ ತಕ್ಕಂತೆ ನಡೆದವರಿಗೆ ಆಟ ನಡೆಸುವವರು ಅಲ್ಲೇ 'ಇನ್‌ಸ್ಪಿರೇಷನ್' ಕೊಡಬಹುದು. ಅದನ್ನು ಕೂಡಿಡುವ ಹಾಗಿಲ್ಲ. ಮುಂದೆ ಯಾವುದಾದರೂ ಕಷ್ಟದ ಗಳಿಗೆಯಲ್ಲಿ ಒಂದರ ಬದಲು ಎರಡು ದಾಳ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಬೇಕಿದ್ದರೆ ಜೊತೆಯವರಿಗೇ ದಾನ ಮಾಡಬಹುದು. ಎಷ್ಟು ಚೆಂದ ಅಲ್ವಾ!

ಇನ್ನು ಕೆಲವು ಆನ್‌ಲೈನ್ ಆಟಗಳಲ್ಲಿ ಮೆಚ್ಚುಗೆ ಸೂಚಿಸುವುದು ಜೊತೆಗಾರರೇ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ 2012ರಲ್ಲಿ, ಓವರ್‌ವಾಚ್‌ನಲ್ಲಿ 2018ರಲ್ಲಿ ಈ ಪದ್ಧತಿ ಬಂತು. ಒಳ್ಳೆಯದೇ. ಆದರೆ ಮಕ್ಕಳ ಗುಂಪಿನಲ್ಲಿ ಬರೀ ವೋಟು ಅಂದರೆ ಗೆಳೆಯನಿಗೆ ಗೆಳೆಯನ ವೋಟು. ಹೊಸದಾಗಿ ಬಂದ ಮಗು ಮೂಲೆಪಾಲು.

ನಾನು ಆ ಕಾಲೇಜು ಹುಡುಗನನ್ನು ಕಾಫಿಗೆ ಕರೆದು ಇಷ್ಟನ್ನೂ ಹೇಳಿದೆ. ಪಾಪ, ನಗುತ್ತಲೇ ಒಪ್ಪಿದ. ವಜ್ರ ನಿಂತಿತು. ಈಗ ಯಾರನ್ನು ಯಾವಾಗ ಗಮನಿಸುತ್ತಾನೆ ಅಂತ ಹೇಳುವುದಿಲ್ಲ. ಬೇರೆಯವರಿಗೂ ಆಡಲು ಅವಕಾಶ ಕೊಟ್ಟವರಿಗೆ ಕತೆಯಲ್ಲೇ ದೊಡ್ಡ ಹೊಣೆ ಕೊಡುತ್ತಾನೆ. ಎರಡು ವಾರ ಮುನಿಸಿಕೊಂಡಿದ್ದ ನನ್ನ ಬೇಕರಿಯವನಿಗೆ ಬರಗಾಲದ ಕತೆಯಲ್ಲಿ ಊರ ಕಣಜದ ಬೀಗದ ಕೈ ಸಿಕ್ಕಿತು. ಆ ದಿನ ಅವನ ಮುಖ ನೋಡಬೇಕಿತ್ತು ನೀವು!

ನಿಮ್ಮ ಮಗುವೂ ಇಂಥ ಆಟ ಆಡುತ್ತಿದ್ದರೆ 'ಎಷ್ಟು ಪಾಯಿಂಟ್ ಬಂತು' ಅಂತ ಕೇಳಬೇಡಿ. 'ಇವತ್ತು ನೀನು ಯಾರಾಗಿದ್ದೆ, ಏನಾಯ್ತು' ಅಂತ ಕೇಳಿ. ಜೊತೆಗೆ ಯಾರು ಆಡುತ್ತಾರೆ ಅನ್ನೋದೂ ಗೊತ್ತಾಗುತ್ತೆ. 'ತಟ್ಟೆ ತೊಳೆದರೆ ಹತ್ತು ರೂಪಾಯಿ' ಅಂತ ನಾನೂ ಆಸೆ ತೋರಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೊನ್ನೆ ಕೇಳದೆಯೇ ತೊಳೆದಿಟ್ಟವನಿಗೆ ಸಂಜೆಯ ಅಡುಗೆಗೆ ಒಗ್ಗರಣೆ ಹಾಕುವ ಜವಾಬ್ದಾರಿ ಕೊಟ್ಟೆ. ಸಾಸಿವೆ ಸ್ವಲ್ಪ ಸೀದಿತ್ತು, ನಿಜ. ಆದರೂ ಆ ಸಾರನ್ನು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡೆವು.

ಏನಂತೀರಿ, ನೀವೂ ಒಮ್ಮೆ ಪ್ರಯತ್ನಿಸಿ ನೋಡ್ತೀರಾ?