ಟೇಬಲ್‌ನ ಹೆಸರನ್ನು ನಾವೇ ಬರೆಯೋಣ

ಅಬ್ಬಾ ಅವರ ಅಂಗಡಿಯ ಉದ್ದರಿ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಟ್ಟದ್ದು ನಾನು. ಪೈಥಾನ್‌ನ ಜಾಂಗೋ ಬಳಸಿ ಮಾಡಿದ ಸಣ್ಣ ಪ್ರೋಗ್ರಾಂ. ಜಾಂಗೋದಲ್ಲಿ ಒಆರ್‌ಎಂ ಇದೆ. ನಾವು ಕ್ಲಾಸ್ ಬರೆದರೆ ಸಾಕು, ಎಸ್‌ಕ್ಯುಎಲ್ ಅನ್ನು ಅದೇ ಬರೆಯುತ್ತದೆ. ಟೇಬಲ್‌ಗೆ ಹೆಸರನ್ನೂ ಅದೇ ಇಡುತ್ತದೆ: ಆ್ಯಪ್‌ನ ಹೆಸರು, ಒಂದು ಅಂಡರ್‌ಸ್ಕೋರ್, ಆಮೇಲೆ ಕ್ಲಾಸ್‌ನ ಹೆಸರು. ನನ್ನ ಆ್ಯಪ್ ‘ಶಾಪ್’, ಕ್ಲಾಸ್ ‘ಉಧಾರ್’. ಹಾಗಾಗಿ ಟೇಬಲ್ ‘ಶಾಪ್_ಉಧಾರ್’ ಆಯಿತು. ನಾನು ಅದನ್ನು ಗಮನಿಸಲೂ ಇಲ್ಲ.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಮನೆಯಲ್ಲಿ ಎಲ್ಲರೂ ‘ದುಕಾನ್’ ಅಂತಲೇ ಅನ್ನುತ್ತೇವೆ. ಒಂದು ರಾತ್ರಿ ಆ್ಯಪ್‌ಗೂ ಅದೇ ಹೆಸರಿಟ್ಟೆ. ಟೇಬಲ್ ಇಲ್ಲ ಎಂದು ಎರರ್ ಬಂತು. ಮೈಗ್ರೇಟ್ ಕಮಾಂಡ್ ಕೊಟ್ಟೆ, ಎರರ್ ಹೋಯಿತು, ಮಲಗಿದೆ. ಬೆಳಿಗ್ಗೆ ಅಬ್ಬಾ ತೆರೆದು ನೋಡಿದರೆ ಒಬ್ಬ ಗಿರಾಕಿಯ ಹೆಸರೂ ಇಲ್ಲ! ಜಾಂಗೋ ‘ದುಕಾನ್’ ಹೆಸರಿನಲ್ಲಿ ಹೊಸ ಖಾಲಿ ಟೇಬಲ್‌ಗಳನ್ನು ಮಾಡಿಕೊಂಡಿತ್ತು. ಹಳೆಯ ಲೆಕ್ಕವೆಲ್ಲ ಹಳೆಯ ಹೆಸರಿನಲ್ಲೇ ಸುರಕ್ಷಿತವಾಗಿತ್ತು. ಅದನ್ನು ಕೇಳುವವರೇ ಇರಲಿಲ್ಲ, ಅಷ್ಟೆ. ಪ್ರತಿ ಕ್ಲಾಸ್‌ನ ‘ಮೆಟಾ’ ಒಳಗೆ ‘ಡಿಬಿ_ಟೇಬಲ್’ ಎಂದು ಹಳೆಯ ಹೆಸರನ್ನು ಒಂದು ಸಾಲಿನಲ್ಲಿ ಬರೆದೆ. ಲೆಕ್ಕ ವಾಪಸ್ ಬಂತು.

ಹೆಸರನ್ನು ಟೂಲ್‌ಗೆ ಬಿಟ್ಟರೆ ಸಮಯ ಉಳಿಯುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅಭ್ಯಾಸಕ್ಕೆ ಮಾಡುವ ಪ್ರೋಗ್ರಾಂಗೆ ಅದು ಸರಿ. ಆದರೆ ಇನ್ನೊಬ್ಬರ ಲೆಕ್ಕ ಇಟ್ಟುಕೊಳ್ಳುವಾಗ ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾಮರ್ಸ್‌ನವರಾದ ನಮಗೆ ಇದು ಹೊಸದೇನಲ್ಲ. ಜರ್ನಲ್‌ನಲ್ಲಿ ಎಲ್.ಎಫ್. ಎಂಬ ಕಾಲಂ ಯಾಕಿದೆ? ಈ ನಮೂದು ಲೆಡ್ಜರ್‌ನ ಯಾವ ಪುಟಕ್ಕೆ ಹೋಯಿತು ಎಂದು ಬರೆದಿಡಲಿಕ್ಕೆ. ‘ಗೊತ್ತಾಗುತ್ತದೆ ಬಿಡಿ’ ಎಂದು ಅಲ್ಲಿ ಯಾರೂ ಖಾಲಿ ಬಿಡುವುದಿಲ್ಲ. ಒಆರ್‌ಎಂನಲ್ಲಿ ಟೇಬಲ್ ಹೆಸರಿನ ಆ ಒಂದು ಸಾಲು ಮಾಡುವುದೂ ಅದೇ ಕೆಲಸ.

ಸ್ಕೀಮಾದ ಮಾತೂ ಹಾಗೆಯೇ. ಮೈಎಸ್‌ಕ್ಯುಎಲ್‌ನಲ್ಲಿ ಸ್ಕೀಮಾ ಎಂದರೆ ಡೇಟಾಬೇಸೇ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಡೇಟಾಬೇಸಿನೊಳಗೆ ಹಲವು ಸ್ಕೀಮಾ ಇರಬಹುದು. ನಾವು ಏನೂ ಹೇಳದಿದ್ದರೆ ಸಾಮಾನ್ಯವಾಗಿ ಟೇಬಲ್ ‘ಪಬ್ಲಿಕ್’ ಎಂಬುದಕ್ಕೆ ಹೋಗುತ್ತದೆ. ಎಸ್‌ಕ್ಯುಎಲ್‌ಆಲ್ಕೆಮಿ, ಹೈಬರ್ನೇಟ್ ಎರಡರಲ್ಲೂ ಟೇಬಲ್ ಜೊತೆಗೆ ಸ್ಕೀಮಾ ಹೆಸರನ್ನೂ ಬರೆಯಲು ಜಾಗವಿದೆ. ಬರೆಯೋಣ. ‘ಆರ್ಡರ್’, ‘ಗ್ರೂಪ್’ ಮುಂತಾದವು ಎಸ್‌ಕ್ಯುಎಲ್‌ನ ಸ್ವಂತ ಪದಗಳು. ಅವನ್ನು ಟೇಬಲ್‌ಗೆ ಇಡದಿರುವುದೇ ಒಳ್ಳೆಯದು.

ಈ ವರ್ಷ ಪ್ರಾಜೆಕ್ಟ್ ಮಾಡುವ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ದಿನವೇ ಆ ಸಾಲು ಬರೆಯಿರಿ. ಅಬ್ಬಾ ನನ್ನನ್ನು ಬಯ್ಯಲಿಲ್ಲ. ಮರುದಿನ ಹಳೆಯ ಉದ್ದರಿ ಪುಸ್ತಕವನ್ನು ಹೊರಗೆ ತೆಗೆದರು. ಇವತ್ತಿಗೂ ಎರಡರಲ್ಲೂ ಬರೆಯುತ್ತಾರೆ. ಲೆಕ್ಕ ವಾಪಸ್ ತರಲು ಒಂದು ಸಾಲು ಸಾಕಾಯಿತು, ನಂಬಿಕೆ ಇನ್ನೂ ಬಂದಿಲ್ಲ.